ಬೆಳಗಿನ ಚಳಿಯಲ್ಲಿ ಸಿಡಿಯದ ಪಿಸ್ತೂಲು

ನಾನು ಒಂದು ಪಿಸ್ತೂಲು. ಹೆದರಬೇಡಿ. ಇಪ್ಪತ್ತೈದು ಮೀಟರು ದೂರದ ಕಾಗದಕ್ಕೆ ತೂತು ಹಾಕುವುದು ಬಿಟ್ಟು ನಾನು ಬೇರೇನನ್ನೂ ಮಾಡಿದ್ದಿಲ್ಲ.

ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಉಕ್ಕು ಕೊರೆದು ನಳಿಗೆ ಮಾಡಿದರು, ಮರ ಕೆತ್ತಿ ಹಿಡಿ ಕೂರಿಸಿದರು. ನನ್ನ ಕಾಡತೂಸು ತೀರಾ ಚಿಕ್ಕದು, ಅದರ ಬೆಂಕಿ ಇರುವುದು ಬುಡದ ಅಂಚಿನಲ್ಲಿ. ನನ್ನೊಳಗಿನ ಪಿನ್ನು ಮುಂದಕ್ಕೆ ಹಾರಿ ಆ ಅಂಚನ್ನು ಗಟ್ಟಿಯಾಗಿ ಕುಟುಕಿದರೆ ಮಾತ್ರ ಅದು ಸಿಡಿಯುತ್ತದೆ. ಮೆಲ್ಲಗೆ ಮುಟ್ಟಿದರೆ ಸುಮ್ಮನಿರುತ್ತದೆ.

ನನ್ನ ಮೊದಲ ಯಜಮಾನರು ಹುಬ್ಬಳ್ಳಿಯ ಒಬ್ಬ ವಕೀಲರು. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ಟಕ್ ಟಕ್ ಎಂದು ಖಾಲಿ ಹೊಡೆಯುತ್ತಿದ್ದರು. ಖಾಲಿಯಾದರೆ ಏನಾದೀತು ಎಂದು ಅವರ ಲೆಕ್ಕ. ಕಾಡತೂಸು ಇಲ್ಲದಾಗ ಪಿನ್ನು ಬಂದು, ಕಾಡತೂಸು ಕೂರುವ ನನ್ನದೇ ಬಾಯಂಚಿಗೆ ಬಡಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬೇಸರವಾದ ಮೇಲೆ ಅವರು ನನ್ನನ್ನು ಮಾರಲು ಹೊರಟರು.

ಧಾರವಾಡದ ಶೂಟಿಂಗ್ ಕ್ಲಬ್ಬಿನ ಸುಬೇದಾರ್ ನಿಂಗನಗೌಡರು ಕನ್ನಡಕ ಏರಿಸಿ ನನ್ನ ಬಾಯೊಳಗೆ ನೋಡಿದರು.

"ಖಾಲಿ ಹೊಡದು ಹೊಡದು ಇದರ ತುಟಿ ಒಡದಾರ್ರೀ ಯಾರೋ," ಎಂದರು. ಸಣ್ಣ ಅರದಿಂದ ತಿಕ್ಕಿ ಸರಿಮಾಡಿ, ಕೊಳ್ಳಲು ಬಂದಿದ್ದ ಶಾಂಭವಿಯತ್ತ ತಿರುಗಿದರು. "ಟೀಚರ್, ಧೈರ್ಯದಿಂದ ತಗೋರಿ. ಮೈ ಹಳೇದು, ಆದ್ರ ಜೀವ ಗಟ್ಟಿ ಐತಿ."

ಹಾಗೆ, ಕಾಗದಪತ್ರಗಳೆಲ್ಲ ಮುಗಿದ ಮೇಲೆ, ನಾನು ಶಾಂಭವಿಯ ಕೈಗೆ ಬಂದೆ. ಅವಳು ಶಾಲೆಯಲ್ಲಿ ಡ್ರಿಲ್ ಟೀಚರು. ಎರಡು ವರ್ಷ ರಾಜ್ಯ ತಂಡದ ಆಯ್ಕೆಯಲ್ಲಿ ನಾಲ್ಕೈದು ಅಂಕಕ್ಕೆ ತಪ್ಪಿಸಿಕೊಂಡಿದ್ದಳು. "ಈ ಸಲಾನೂ ಆಗ್ಲಿಲ್ಲಂದ್ರ ಬಿಟ್ಟುಬಿಡ್ತೀನಿ," ಎಂದು ಸುಬೇದಾರರಿಗೆ ಹೇಳಿದ್ದಳು. ಹೇಳುವಾಗ ಅವಳ ಬೆರಳು ನನ್ನ ಹಿಡಿಯನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಬಿಡುವ ಮನಸ್ಸಿನ ಕೈ ಹಾಗೆ ಹಿಡಿಯುವುದಿಲ್ಲ.

ದಸರಾ ಬಂತು. ಆಯುಧ ಪೂಜೆಗೆ ಶಾಂಭವಿ ನನ್ನನ್ನು ಖಾಲಿ ಮಾಡಿ, ಎರಡೆರಡು ಸಲ ನೋಡಿ, ಕುಡುಗೋಲು ಮತ್ತು ಹೊಲಿಗೆ ಯಂತ್ರದ ಪಕ್ಕ ಮಣೆಯ ಮೇಲಿಟ್ಟಳು. ಅವಳು ಹೂ ತರಲು ಹಿತ್ತಲಿಗೆ ಹೋದಾಗ ಅತ್ತೆ ನೀಲವ್ವ ಎಣ್ಣೆಬಟ್ಟಲು ಹಿಡಿದು ಬಂದು ಕೂತರು.

"ನನ್ನ ಸೊಸಿ ಸಲುವಾಗಿ ಬಾಳ ದುಡದೀ. ಒಣಗಿ ಕುಂತೀ ನೋಡು," ಎಂದು, ಬಾಣಂತಿಗೆ ಎಣ್ಣೆ ಹಚ್ಚುವವರಂತೆ, ನನ್ನ ಬೆನ್ನಿನ ಒಂದೊಂದು ಸಂದಿಗೂ ಕೊಬ್ಬರಿ ಎಣ್ಣೆ ಬಿಟ್ಟರು. ಮೇಲೆ ಕುಂಕುಮ ಉದುರಿಸಿದರು. ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆ ಎಣ್ಣೆ ಕುಂಕುಮವನ್ನೂ ಕರೆದುಕೊಂಡು ನನ್ನ ಪಿನ್ನಿನ ಓಣಿಗೆ ಇಳಿಯಿತು. ಶಾಂಭವಿ ಹೊರಗಿನದನ್ನು ಒರೆಸಿದಳು, ನಳಿಗೆಗೆ ಕೋಲು ತೂರಿಸಿ ಸ್ವಚ್ಛ ಮಾಡಿದಳು. ಬೆನ್ನು ಬಿಚ್ಚುವುದು ವರ್ಷಕ್ಕೊಮ್ಮೆ, ಅದೂ ಸುಬೇದಾರರ ಕೆಲಸ.

ಬೆಚ್ಚಗಿರುವವರೆಗೂ ತೊಂದರೆಯಿರಲಿಲ್ಲ. ಡಿಸೆಂಬರಿನಲ್ಲಿ ಚಳಿ ಇಳಿಯಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ಅಭ್ಯಾಸ. ರವಿವಾರ ಆಯ್ಕೆ. ಶಾಂಭವಿ ಗುರಿ ಹಿಡಿದು ಟ್ರಿಗರ್ ಒತ್ತಿದಳು. ನನ್ನೊಳಗೆ ಎಣ್ಣೆ ಹೆಪ್ಪುಗಟ್ಟಿತ್ತು. ಪಿನ್ನು ಕೆಸರಿನಲ್ಲಿ ಕಾಲಿಟ್ಟವರಂತೆ ಹೊರಟು, ಅಂಚನ್ನು ಬರೀ ಮುಟ್ಟಿ ನಿಂತಿತು. ಕ್ಲಿಕ್. ಗುಂಡಿಲ್ಲ.

"ಏನಾತ್ ಸರ್ ಇದಕ್ಕ?" ಎನ್ನುತ್ತ ಅವಳು ನನ್ನನ್ನು ಹಿಡಿದೇ ಹಿಂದಕ್ಕೆ ತಿರುಗತೊಡಗಿದಳು.

"ತಿರುಗಬ್ಯಾಡ!"

ಸುಬೇದಾರರ ಕೂಗಿಗೆ ಅವಳು ಅರ್ಧಕ್ಕೇ ನಿಂತಳು. ನನ್ನ ಹೊಟ್ಟೆಯಲ್ಲಿ ಸಿಡಿಯದ ಕಾಡತೂಸಿತ್ತು. ಒಮ್ಮೊಮ್ಮೆ ಅವು ತಡವಾಗಿ ಸಿಡಿಯುವುದೂ ಉಂಟು. ನನ್ನ ನಳಿಗೆಯ ತುದಿ ಸುಬೇದಾರರ ಕಡೆಗೆ ಹೊರಳಿತ್ತು.

"ಗುರಿ ಕಡೆ ಹಿಡೀರಿ. ಮೂವತ್ತು ಎಣಸ್ರಿ."

ಅವಳು ಎಣಿಸಿದಳು. ನಾನೂ ಎಣಿಸಿದೆ. ಹುಟ್ಟಿದಾಗಿನಿಂದ ನಾನು ಅಷ್ಟು ಹೆದರಿದ್ದಿಲ್ಲ. ಏನೂ ಆಗಲಿಲ್ಲ. ಆದರೆ ಆ ಬೆಳಿಗ್ಗೆ ಇನ್ನೂ ನಾಲ್ಕು ಸಲ ಹಾಗೇ ಕ್ಲಿಕ್ ಎಂದೆ.

ಮಧ್ಯಾಹ್ನ ಬಿಸಿಲಿನಲ್ಲಿ ಸುಬೇದಾರರು ನನ್ನಿಂದ ಐವತ್ತು ಗುಂಡು ಹಾರಿಸಿದರು. ಒಂದೂ ತಪ್ಪಲಿಲ್ಲ. ಎಣ್ಣೆ ಕರಗಿತ್ತಲ್ಲ! ಶುಕ್ರವಾರ ಬೆಳಿಗ್ಗೆ ಅವಳ ಕೈಯಲ್ಲಿ ಮತ್ತೆ ಕ್ಲಿಕ್, ಮಧ್ಯಾಹ್ನ ಅವರ ಕೈಯಲ್ಲಿ ಮತ್ತೆ ಸರಿ. ಸುಬೇದಾರರು ಮ್ಯಾಗಜಿನ್ ಬದಲಿಸಿದರು, ಕಾಡತೂಸಿನ ಡಬ್ಬಿ ಬದಲಿಸಿದರು. ಮಧ್ಯಾಹ್ನ ಸರಿಯಿರುವುದನ್ನು ಬಿಚ್ಚುವುದೇಕೆ ಎಂದು ಬೆನ್ನಿಗೆ ಕೈಹಚ್ಚಲಿಲ್ಲ. ಶನಿವಾರವೂ ಅದೇ ಪಾಡು. ಕೊನೆಗೆ ಗಡ್ಡ ಕೆರೆದುಕೊಂಡರು.

"ಸಿಟ್ಟಾಗಬ್ಯಾಡ್ರಿ ಟೀಚರ್. ನನ್ನ ಕೈಯಾಗ ಇದು ಮಗ್ಗಿ ಹೇಳಿದಂಗ ಹೇಳತೈತಿ. ಆಯ್ಕಿ ಅಂಜಿಕಿಗೆ ನಿಮ್ಮ ಬೆರಳ ಪೂರಾ ಒತ್ತವಲ್ದು ಅನಸ್ತದ."

ಶಾಂಭವಿ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ದೋಷ ನನ್ನದು, ನಿನ್ನ ಕೈಯದಲ್ಲ ಎಂದು ನಾನು ಹೇಗೆ ಹೇಳಲಿ? ನನಗಿರುವುದು ಒಂದೇ ಮಾತು, ಅದನ್ನೂ ಆಡಲಾಗುತ್ತಿರಲಿಲ್ಲ.

ರವಿವಾರ ಬೆಳಿಗ್ಗೆ ಆರಕ್ಕೆ ಅವಳು ಅಡುಗೆಮನೆಯಲ್ಲಿ ನನ್ನ ಪೆಟ್ಟಿಗೆ ತೆರೆದಿಟ್ಟು ಕೂತಿದ್ದಳು. ನೀಲವ್ವ ಎಣ್ಣೆಯ ಬಾಟಲಿಯನ್ನು ಒಲೆಯ ಹತ್ತಿರ ಹಿಡಿದಿದ್ದರು.

"ಕಲ್ಲಾಗೇತಿ ನೋಡವ್ವಾ ಎಣ್ಣಿ, ಈ ಚಳಿಗೆ. ತಡಿ, ಕರಗಲಿ, ನಿನ್ನ ತಲಿಗೆ ಒಂದೀಟ ಹಚ್ಚತೀನಿ. ತಂಪಿರ್ತದ."

ಶಾಂಭವಿ ಬಾಟಲಿಯನ್ನು ನೋಡಿದಳು. ಬೆಳ್ಳಗೆ ಗಟ್ಟಿಯಾಗಿತ್ತು.

"ಅತ್ತಿ, ದಸರಾದಾಗ ಪಿಸ್ತೂಲಿನ ಒಳಗೂ ಎಣ್ಣಿ ಹಾಕಿದ್ರೇನು?"

"ಹಾಕದ ಬಿಡ್ತೀನೇನು? ಹೊಟ್ಟಿ ತುಂಬ ಹಾಕೇನಿ."

ಶಾಂಭವಿ ಎದ್ದಳು. ಮ್ಯಾಗಜಿನ್ ತೆಗೆದು, ಬಾಯಿ ಖಾಲಿಯಿದೆಯೇ ಎಂದು ಬೆರಳಿಟ್ಟು ನೋಡಿ, ನನ್ನ ಬೆನ್ನನ್ನು ಬಿಚ್ಚಿದಳು. ಅವಳು ಅದನ್ನು ಒಬ್ಬಳೇ ಬಿಚ್ಚಿದ್ದು ಅದೇ ಮೊದಲು. ಪಿನ್ನು ಎಳೆದಾಗ ಅದರ ಜೊತೆ ಕೆಂಪು ಬೆರೆತ ಬಿಳಿ ಮುದ್ದೆ ಬಂತು. ನೀಲವ್ವ ಬಾಯಿಗೆ ಸೆರಗು ಹಿಡಿದರು.

"ನಾನ ಕೆಡಿಸಿದೆನೇನ? ಅಯ್ಯ ನನ್ನ ಕೈ ಸೇದಿಹೋಗ್ಲಿ!"

"ಕೈಗೆ ಬೈಬ್ಯಾಡ್ರಿ ಅತ್ತಿ, ಕೆಲಸ ಐತಿ ಅದಕ್ಕ. ಸೀಮೆ ಎಣ್ಣಿ ತರ್ರಿ, ಹಳೇ ಬ್ರಶ್ ತರ್ರಿ."

ಒಲೆ ಆರಿಸಿ, ಕಿಟಕಿ ತೆರೆದು, ಇಬ್ಬರೂ ನೆಲದ ಮೇಲೆ ಕೂತರು. ಒಬ್ಬರು ತಿಕ್ಕಿದರು, ಒಬ್ಬರು ಒರೆಸಿದರು. ಸ್ಪ್ರಿಂಗು ಚಿಮ್ಮಿ ಹಿಟ್ಟಿನ ಡಬ್ಬಿಯ ಹಿಂದೆ ಬಿತ್ತು. ನೀಲವ್ವ ಹೊಟ್ಟೆಯ ಮೇಲೆ ಮಲಗಿ ಅದನ್ನು ಹುಡುಕಿ ಕೊಟ್ಟರು. ಪಿನ್ನಿಗೆ ಈ ಸಲ ಹೊಲಿಗೆ ಯಂತ್ರದ ತೆಳು ಎಣ್ಣೆ, ಅದೂ ಸೂಜಿಮೊನೆಯಷ್ಟೇ. ಏಳೂವರೆಗೆ ನನ್ನನ್ನು ಜೋಡಿಸಿದ್ದಾಯಿತು. ಎಂಟೂವರೆಗೆ ಸ್ಪರ್ಧೆ. ಹೊಡೆದು ನೋಡಲು ಹೊತ್ತಿರಲಿಲ್ಲ.

ಮೊದಲ ಗುಂಡು. ಅವಳ ಎದೆಬಡಿತ ನನ್ನ ಹಿಡಿಗೆ ಕೇಳುತ್ತಿತ್ತು. ಪಿನ್ನು ಹಾರಿತು. ಠಾ! ಎಂಥ ಸುಖ ಅದು!

ಅರವತ್ತರಲ್ಲಿ ನಲವತ್ತು ಗುಂಡು ಹಾಗೇ ನಡೆದವು. ನಲವತ್ತೊಂದನೆಯದಕ್ಕೆ ಕ್ಲಿಕ್.

ಅವಳು ತಿರುಗಲಿಲ್ಲ. ನನ್ನನ್ನು ಗುರಿಯತ್ತಲೇ ಹಿಡಿದು ಎಡಗೈ ಎತ್ತಿದಳು. ತೀರ್ಪುಗಾರರು ಬಂದು ಮೂವತ್ತು ಎಣಿಸುವವರೆಗೆ ಕಾಯ್ದರು. ಕಾಡತೂಸು ತೆಗೆದು ಬೆಳಕಿಗೆ ಹಿಡಿದರು. "ಪೆಟ್ಟು ಆಳಕ್ಕ ಬಿದ್ದೈತಿ. ಕಾಡತೂಸೇ ಸತ್ತದ್ದು. ಈ ಸರತಿ ಮತ್ತ ಮೊದಲಿಂದ ಹೊಡೀರಿ," ಎಂದರು. ನನ್ನ ದೋಷವಲ್ಲ, ಅವಳ ಕೈಯ ದೋಷವೂ ಅಲ್ಲ. ಅವಳ ಹೆಗಲು ಇಳಿದದ್ದು ನನಗೆ ತಿಳಿಯಿತು. ಉಳಿದ ಇಪ್ಪತ್ತು ಗುಂಡುಗಳನ್ನು ಅವಳು ಮಕ್ಕಳಿಗೆ ತುತ್ತಿಡುವಷ್ಟು ಸಮಾಧಾನದಿಂದ ಹೊಡೆದಳು. ಆಯ್ಕೆಗೆ ಬೇಕಿದ್ದಕ್ಕಿಂತ ಎರಡು ಅಂಕ ಹೆಚ್ಚೇ ಬಂತು. ಆಯ್ಕೆಯಾದಳು.

ಈಗ ನನ್ನ ನಳಿಗೆ ಸವೆದಿದೆ. ಗುಂಡು ಹಾಕುವುದನ್ನು ನಿಲ್ಲಿಸಿದ್ದಾರೆ. ಕ್ಲಬ್ಬಿನ ಬೀರುವಿನಲ್ಲಿ ಇರುತ್ತೇನೆ. ಶಾಂಭವಿ ಅಲ್ಲಿ ಹೊಸಬರಿಗೆ ಕಲಿಸುತ್ತಾಳೆ, ಅವರಿಗೆ ಬಿಚ್ಚಿ ಜೋಡಿಸಲು ನಾನೇ ಪಾಠ. ಮೊನ್ನೆ ಒಬ್ಬ ಹೆಂಗಸು ಕಣ್ಣು ತುಂಬಿಕೊಂಡು, "ನನ್ನ ಕೈನ ಸರಿ ಇಲ್ರೀ ಮೇಡಂ, ನನಗ ಆಗೂದಿಲ್ಲ," ಎಂದಳು.

"ಮೊದಲ ಪಿಸ್ತೂಲು ಬಿಚ್ಚಿ ನೋಡವ್ವಾ," ಎಂದಳು ಶಾಂಭವಿ. "ಅದರಾಗ ಏನೂ ಸಿಗಲಿಲ್ಲಂದ್ರ ಆಮ್ಯಾಲೆ ನಿನ್ನ ಕೈ ನೋಡೋಣು."