ಆರು ಸಿಲಿಂಡರಿನ ಜೀಪು

ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಬಳಿ ಸಣ್ಣ ಹೋಟೆಲು ನಡೆಸುತ್ತಿದ್ದ ಉಡುಪಿಯ ಜಯಕರ ರಾಯರು ೧೯೭೧ರ ಜುಲೈಯಲ್ಲಿ ಒಂದು ಹೊಣೆ ಹೊತ್ತರು. ಪೂರ್ವ ಬಂಗಾಳದಿಂದ ಗಡಿ ದಾಟಿ ಬಂದ ನಿರಾಶ್ರಿತರಿಗಾಗಿ ಸಾಲ್ಟ್ ಲೇಕಿನ ಬಯಲಿನಲ್ಲಿ ಶಿಬಿರ ಎದ್ದಿತ್ತು. ಅದರ ಒಂದು ಸಾಲಿನ ಡೇರೆಗಳಿಗೆ ದಿನವೂ ಮಧ್ಯಾಹ್ನದ ಖಿಚುರಿ ಬೇಯಿಸಿ ತಲುಪಿಸಬೇಕಿತ್ತು. ಅಕ್ಕಿ ಬೇಳೆ ಪರಿಹಾರ ಸಮಿತಿಯದು, ಒಲೆ ಮತ್ತು ಗಾಡಿ ರಾಯರದು.

ಗಾಡಿಯೆಂದರೆ ಮಹಾಯುದ್ಧದ ಕಾಲದ, ನಾಲ್ಕೂ ಚಕ್ರಗಳಿಗೆ ಎಳೆತವಿದ್ದ ಪುಟ್ಟ ಜೀಪು, ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. ತರಕಾರಿ ಮೂಟೆಗೆ ಸಾಕಾಗುತ್ತಿತ್ತು. ಹಿಂದೆ ಟ್ರೇಲರ್ ಕಟ್ಟಿ ನಾಲ್ಕು ಹಂಡೆ ಖಿಚುರಿ ಇಟ್ಟರೆ ಢಾಕುರಿಯಾ ಸೇತುವೆಯ ಏರಿನಲ್ಲೇ ಅದಕ್ಕೆ ಉಸಿರು ಕಟ್ಟುತ್ತಿತ್ತು. ಟ್ರಾಮು ಹಿಡಿಯಲು ಹೊರಟವರು ಕನಿಕರಪಟ್ಟು ನೂಕಿಕೊಡುತ್ತಿದ್ದರು. ಇನ್ನು ಸಾಲ್ಟ್ ಲೇಕಿನ ಕೊನೆಯ ಅರ್ಧ ಮೈಲಿ ಬರೀ ತುಂಬಿಸಿದ ಮಣ್ಣು. ಮಳೆ ಬಿದ್ದರೆ ಹೂಳು. ಅಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಹನ್ನೆರಡಕ್ಕೆ ಬರಬೇಕಾದ ಊಟ ಎರಡೂವರೆಗೆ ಮುಟ್ಟುತ್ತಿತ್ತು.

ಕೊನೆಗೆ ರಾಯರು ಟಾಲಿಗಂಜಿಗೆ ಹೋದರು. ಅಲ್ಲಿ ಸಿನಿಮಾ ಸ್ಟುಡಿಯೋ ಒಂದರ ಗೋಡೆಯ ಹಿಂದೆ ಧಾರವಾಡ ಕಡೆಯ ಹೊನ್ನಪ್ಪನ ಗ್ಯಾರೇಜು ಇತ್ತು. ಸೈನ್ಯದಲ್ಲಿ ಹದಿನೈದು ವರ್ಷ ಗಾಡಿ ರಿಪೇರಿ ಮಾಡಿ ಬಂದ ಮನುಷ್ಯ. ಮಾತು ಕಡಿಮೆ.

"ಇದಕ್ಕೆ ದೊಡ್ಡ ಎಂಜಿನ್ ಕೂರಿಸ್ಲಿಕ್ಕೆ ಆಗ್ತದಾ ಹೊನ್ನಪ್ಪನವರೇ?"

"ಕೂಡಸಾಕ ಬರ್ತದ್ರೀ. ಆದ್ರ ಬ್ಯಾಡ. ಎಂಜಿನ್ ದೊಡ್ಡದಾದ್ರ ಗಾಡಿ ದೊಡ್ಡದಾಗಂಗಿಲ್ಲ ರಾಯರ."

"ಅಲ್ಲಿ ಮಕ್ಕಳು ತಟ್ಟೆ ಹಿಡ್ಕೊಂಡು ನಿಂತಿರ್ತಾವೆ ಮಾರಾಯ್ರೇ. ನಾನಿಲ್ಲಿ ಸೇತುವೆ ಮೇಲೆ ಜೀಪು ನೂಕುದು. ಎಂತಾದ್ರೂ ಮಾಡಿ."

ಹೊನ್ನಪ್ಪ ಒಪ್ಪಲಿಲ್ಲ. ಆದರೆ ಎರಡು ದಿನದ ಮೇಲೆ ಮಲ್ಲಿಕ್ ಬಜಾರಿನ ಗುಜರಿ ಸಾಲಿನಲ್ಲಿ ಬೇರೇನೋ ಹುಡುಕುತ್ತಿದ್ದಾಗ ಹಳೆಯ ಲಾರಿಯೊಂದರ ಆರು ಸಿಲಿಂಡರಿನ ಎಂಜಿನ್ ಅವನ ಕಣ್ಣಿಗೆ ಬಿತ್ತು. ಒಳಗೆ ಬೆರಳಾಡಿಸಿ ನೋಡಿದ. ಸವೆತವೇ ಇರಲಿಲ್ಲ. ಜೇಬಿನಿಂದ ಟೇಪು ತೆಗೆದು ಅಳೆದ. ಜೀಪಿನ ಮೂತಿಗೆ ಅಂಗೈಯಗಲ ಉದ್ದವಾಗುತ್ತಿತ್ತು, ಅಷ್ಟೇ. ಆ ಸಂಜೆ ತಾನಾಗಿಯೇ ಹೋಟೆಲಿಗೆ ಬಂದು, "ಮಾಡೂಣ್ರಿ" ಅಂದ.

ಕೆಲಸ ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಸಮಿತಿ ಲಾರಿಯೊಂದನ್ನು ಕೊಟ್ಟಿತು. ಹೊನ್ನಪ್ಪ ರೇಡಿಯೇಟರನ್ನು ಮುಂದಕ್ಕೆ ಸರಿಸಿದ, ಡ್ರೈವರನ ಕಾಲಿನ ಮುಂದಿನ ತಗಡು ಕೊಯ್ದು ಜಾಗ ಮಾಡಿದ, ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಕೂರಲು ದಪ್ಪ ಉಕ್ಕಿನ ಫಲಕವೊಂದನ್ನು ತಾನೇ ಕಡೆದ.

ಜೀಪು ತರಲು ರಾಯರ ಹೆಂಡತಿ ಅಂಬುಜಾ ಕೂಡ ಬಂದಿದ್ದರು. ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಓಟ ಜಾಸ್ತಿಯಾದ್ರೆ ನಿಲ್ಲುದೂ ಬೇಕಲ್ವಾ? ಬ್ರೇಕು ಹಳೆಯದೇ ಉಂಟಾ?"

"ಬ್ರೇಕ್ ಹೊಸಾವು ಹಾಕೇನ್ರಿ ಅಕ್ಕಾರ."

"ಮತ್ತೆ ಬೇರೆ ಎಂತದೂ ತೊಂದರೆ ಇಲ್ಲ?"

ಹೊನ್ನಪ್ಪ ಕೈ ಒರೆಸಿಕೊಳ್ಳುತ್ತ, "ಇಲ್ರಿ" ಅಂದ.

ಮರುದಿನ ಜೀಪು ಢಾಕುರಿಯಾ ಸೇತುವೆಯನ್ನು ಮೂರನೇ ಗೇರಿನಲ್ಲಿ ಹತ್ತಿತು. ರಾಯರು ಒಬ್ಬರೇ ನಕ್ಕರು. ಹೂಳಿನಲ್ಲೂ ಅದು ಗುಡುಗುತ್ತ ನುಗ್ಗಿತು. ಹನ್ನೆರಡಕ್ಕೆ ಸರಿಯಾಗಿ ಊಟ ಮುಟ್ಟಿತು. ಒಂದು ವಾರದಲ್ಲಿ ನಾಲ್ಕು ಹಂಡೆ ಆರಾದವು. ಇನ್ನೊಂದು ಸಾಲಿನ ಡೇರೆಗಳನ್ನೂ ರಾಯರು ಒಪ್ಪಿಕೊಂಡರು.

ಹತ್ತನೆಯ ದಿನ ಬೆಳಗಿನಿಂದಲೂ ಮಳೆ. ತನ್ನ ಎಂಜಿನ್ ಕೆಸರಿನಲ್ಲಿ ಎಳೆಯುವುದನ್ನು ನೋಡಬೇಕೆಂದು ಹೊನ್ನಪ್ಪನೂ ಜೊತೆಗೆ ಕೂತಿದ್ದ. ಡಾಂಬರು ಮುಗಿದು ಸ್ವಲ್ಪ ದೂರದಲ್ಲಿ ಟ್ರೇಲರ್ ಅಚ್ಚಿನವರೆಗೆ ಹೂತುಕೊಂಡಿತು. ರಾಯರು ಎಕ್ಸಲರೇಟರ್ ಒತ್ತಿದರು. ಎಂಜಿನ್ ಅಬ್ಬರಿಸಿತು.

"ಬ್ಯಾಡ್ರಿ, ಬಿಡ್ರಿ!" ಎಂದು ಹೊನ್ನಪ್ಪ ಕೂಗುವಷ್ಟರಲ್ಲಿ ಹಿಂದೆ ಠಣ್ ಎಂದು ಸದ್ದಾಯಿತು. ಹಿಂದಿನ ಆಕ್ಸಲ್ ತುಂಡಾಗಿತ್ತು. ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು. ರಾಯರು ಕೀಲಿ ತಿರುವಿದರು. ತಗಡಿನ ಮೇಲೆ ಮಳೆಯ ಸದ್ದೊಂದೇ ಉಳಿಯಿತು.

"ನನಗ ಗೊತ್ತಿತ್ರಿ," ಅಂದ ಹೊನ್ನಪ್ಪ. ಅವನ ದೃಷ್ಟಿ ಮುಂದಿನ ಗಾಜಿನ ಮೇಲಿತ್ತು. "ಹಳೇ ಎಂಜಿನ್ ಇದ್ರ ಭಾರ ತಡೀದ ತಾನ ನಿಂತಬಿಡ್ತಿತ್ತು. ಅದು ನಿಲ್ಲೂದರಿಂದನ ಬಾಕಿದೆಲ್ಲಾ ಉಳೀತಿತ್ತು. ಇದು ನಿಲ್ಲಂಗಿಲ್ಲ, ಬಾಕಿದ್ದನ್ನ ಮುರೀತದ. ಅಕ್ಕಾರು ಕೇಳಿದಾಗ ಹೇಳಬೇಕಾಗಿತ್ತು. ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ನನಗ ಅದು ಎಳಿಯೂದು ನೋಡಬೇಕಾಗಿತ್ತು."

ರಾಯರಿಗೆ ಸಿಟ್ಟು ಬಂತು. ಆರನೆಯ ಹಂಡೆ ಏರಿಸಿದವನು ತಾನೇ ಎಂಬುದೂ ಅದೇ ಗಳಿಗೆಗೆ ನೆನಪಾಯಿತು.

ಅಷ್ಟರಲ್ಲಿ ಶಿಬಿರದ ಕಡೆಯಿಂದ ಕೆಲವರು ಮಳೆಯಲ್ಲೇ ನಡೆದು ಬಂದರು. ಮುಂದೆ ಇದ್ದವನು ಹರಿಪದ ಮಂಡಲ್, ಗಡಿಯಾಚೆಯ ಖುಲ್ನಾದಲ್ಲಿ ಮೋಟಾರು ದೋಣಿ ನಡೆಸುತ್ತಿದ್ದವನು. ಎಂಜಿನ್ನಿನ ಸದ್ದು ಥಟ್ಟನೆ ನಿಂತದ್ದನ್ನು ಕೇಳಿಯೇ ಏನೋ ಮುರಿದಿದೆ ಎಂದುಕೊಂಡನಂತೆ. ಅವರ ಕೈಯಲ್ಲಿ ಡೇರೆಯ ಬಿದಿರುಗಳಿದ್ದವು. ಹಂಡೆಯ ಬಳೆಗಳಿಗೆ ಬಿದಿರು ತೂರಿಸಿ, ಎರಡೆರಡು ಜನ ಹೆಗಲು ಕೊಟ್ಟು ಹೂಳಿನಲ್ಲಿ ಹೊರಟೇಬಿಟ್ಟರು. ಒಂದು ಹಂಡೆಯೂ ಚೆಲ್ಲಲಿಲ್ಲ.

"ನಿಮಗೆ ಇಷ್ಟು ಕಷ್ಟ ಕೊಟ್ಟೆ," ಎಂದರು ರಾಯರು ತಮ್ಮ ಹರಕು ಬಂಗಾಳಿಯಲ್ಲಿ.

ಹರಿಪದ ಆಶ್ಚರ್ಯದಿಂದ ನೋಡಿದ. "ಕರೆದಿದ್ದರೆ ದಿನಾ ಬರುತ್ತಿದ್ದೆವಲ್ಲ ದಾದಾ. ನೀವು ಒಂದು ದಿನವೂ ಕರೆಯಲಿಲ್ಲ. ಬೆಳಗಿನಿಂದ ಸಂಜೆವರೆಗೆ ನಮಗೆ ಸಾಲಿನಲ್ಲಿ ನಿಲ್ಲುವುದು ಬಿಟ್ಟು ಬೇರೆ ಕೆಲಸವೇನಿದೆ?"

ರಾಯರು ಸೇತುವೆಯ ಮೇಲೆ ಗುರುತಿಲ್ಲದವರಿಂದ ಜೀಪು ನೂಕಿಸಿಕೊಂಡಿದ್ದರು. ಊಟಕ್ಕೆ ಕಾದು ಕೂತವರನ್ನು ಕೈ ಕೊಡಿ ಎಂದು ಕೇಳಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಭಾರ ಇಳಿದ ಮೇಲೆ ಹತ್ತು ಜನ ಹಿಂದಿನಿಂದ ನೂಕಿದರು. ಜೀಪು ಮುಂದಿನ ಚಕ್ರಗಳ ಬಲದಲ್ಲೇ ಡಾಂಬರಿಗೆ ಬಂತು, ಹಾಗೆಯೇ ಕುಂಟುತ್ತ ಟಾಲಿಗಂಜ್ ಮುಟ್ಟಿತು. ಗ್ಯಾರೇಜಿನಲ್ಲಿ ಇಳಿದ ಮೇಲೆ ಹೊನ್ನಪ್ಪ, "ಹಳೇ ಎಂಜಿನ್ನ ವಾಪಸ್ ಕೂಡಸ್ತೇನ್ರಿ" ಅಂದ.

"ಬೇಡ. ಸೇತುವೆ ಹತ್ಲಿಕ್ಕೆ ಇದೇ ಇರ್ಲಿ. ಹೂಳಿಗೆ ಇಳಿಸುದಿಲ್ಲ ನಾನು. ಆದ್ರೆ ಇನ್ನು ಮೇಲೆ ಅಂಬುಜಾ ಎಂತ ಕೇಳಿದ್ರೂ ಸರಿಯಾಗಿ ಹೇಳ್ಬೇಕು ನೀವು."

ಹೊಸ ಆಕ್ಸಲ್ ಹಾಕಿಸಿಕೊಂಡ ಜೀಪು ಡಾಂಬರಿನ ತುದಿಯಲ್ಲಿ ನಿಲ್ಲತೊಡಗಿತು. ಹಂಡೆಗಳು ಮತ್ತೆ ನಾಲ್ಕಾದವು. ಎರಡನೆಯ ಸಾಲಿಗೆ ಇನ್ನೊಂದು ಟ್ರಿಪ್ಪು. ಹರಿಪದ ಪಾಳಿ ಕಟ್ಟಿ ಜನರನ್ನು ಕರೆತರುತ್ತಿದ್ದ. ಮೊದಲು ಮುಖ ತಗ್ಗಿಸಿ ತಟ್ಟೆ ಒಡ್ಡುತ್ತಿದ್ದವರು ಈಗ ಖಿಚುರಿಗೆ ಉಪ್ಪು ಸಾಲದೆಂದು ಅಂಬುಜಾರಿಗೆ ಹೇಳಿ ಕಳಿಸತೊಡಗಿದರು.

ಗಡಿಯಾಚೆ ಯುದ್ಧ ಮುಗಿದು, ಮರುವರ್ಷ ಜನವರಿಯಲ್ಲಿ ಜನ ಊರಿಗೆ ಮರಳಿ ಶಿಬಿರ ಖಾಲಿಯಾಯಿತು. ಹೊರಡುವ ದಿನ ಹರಿಪದ ಜೀಪಿನ ಬಾನೆಟ್ ತೆಗೆದು ತೋರಿಸಲು ಕೇಳಿದ. ತನ್ನ ದೋಣಿ ಉಳಿದಿದ್ದರೆ ಅದಕ್ಕೂ ಇಂಥದೊಂದು ಹಾಕಿಸುವ ಯೋಚನೆಯಿತ್ತು ಅವನಿಗೆ. ಹೊನ್ನಪ್ಪ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಿಂದಿ ಬಂಗಾಳಿ ಬೆರೆಸಿ, ಫಲಕ ಹೇಗೆ ಕಡೆದೆನೆಂದು ಹೇಳಿದ. ಆಮೇಲೆ ಜೀಪಿನ ಅಡಿಗೆ ಕರೆದೊಯ್ದು, ಮುರಿದದ್ದು ಎಲ್ಲಿ, ಏಕೆ ಎಂಬುದನ್ನೂ ಬೆರಳಿಟ್ಟು ತೋರಿಸಿದ.