ಶಾಲೆಗಳಿಗೆ ಎಲಿಯಾಸ್ ಹಾಕಿದ ಮಾರ್ಕು

ತನ್ನಂಥ ಪೆದ್ದ ಇಡೀ ಮಸ್ಕತ್ತಿನಲ್ಲಿ ಸಿಗಲಿಕ್ಕಿಲ್ಲ ಎಂದು ಎಲಿಯಾಸ್ ಈಗ ತಾನಾಗಿಯೇ ಒಪ್ಪುತ್ತಾನೆ. ೧೯೯೧ರಲ್ಲಿ ಹಾಗೆ ಒಪ್ಪುವಷ್ಟು ಬುದ್ಧಿಯೂ ಅವನಿಗಿರಲಿಲ್ಲ.

ಆಗ ಅವನು ವಾದಿ ಕಬೀರ್‌ನ ಕಟ್ಟಡ ಕಂಪೆನಿಯೊಂದರ ಸ್ಟೋರಿನಲ್ಲಿ ಬಂದ ಮಾಲನ್ನು ಪರೀಕ್ಷಿಸುವ ಗುಮಾಸ್ತ. ನಲ್ಲಿ, ಟೈಲ್ಸು, ಪೇಂಟಿನ ಡಬ್ಬಿ, ಏನೇ ಬರಲಿ, ಫಾರಂ ತುಂಬಿ ಮಾರ್ಕು ಹಾಕಿ ಹಸಿರು ಸೀಲೋ ಕೆಂಪು ಸೀಲೋ ಗುದ್ದಬೇಕು. ಆ ಕೆಂಪು ಸೀಲಿನ ಅಮಲು ಸಣ್ಣದಲ್ಲ. ಮಗಳು ಐಡಾಳಿಗೆ ಐದು ತುಂಬಿದ್ದೇ ತಡ, ಅದೇ ಫಾರಂ ಹಿಡಿದು ಶಾಲೆಗಳ ತಪಾಸಣೆಗೆ ಹೊರಟುಬಿಟ್ಟ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ದೊಡ್ಡ ಶಾಲೆಗೆ ನೂರಕ್ಕೆ ತೊಂಬತ್ತೆರಡು. ಅಮೇರಾತ್‌ನ ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿದ್ದ ಪುಟ್ಟ ಶಾಲೆಗೆ ಮೂವತ್ತೆಂಟು. ಅಲ್ಲಿದ್ದದ್ದು ಎರಡೇ ಪಾಯಿಖಾನೆ, ಅದರಲ್ಲೂ ಒಂದರ ಚಿಲಕ ಸಡಿಲ. ಆ ಹಾಳೆಯ ಮೇಲೆ ‘ರಿಜೆಕ್ಟೆಡ್’ ಎಂಬ ಕೆಂಪು ಸೀಲು ಬಿತ್ತು.

“ಶಾಲೆ ಎಂತ ಪೇಂಟಿನ ಡಬ್ಬಿಯಾ ನಿಮಗೆ?” ಎಂದಳು ಹೆಂಡತಿ ರೋಸಲಿಂಡ್.

ದೊಡ್ಡ ಶಾಲೆಯ ನಲವತ್ತು ಸೀಟಿಗೆ ನಾನೂರು ಮಕ್ಕಳು. ಎರಡು ತಿಂಗಳು ಅಪ್ಪ ಬಾಯಿಪಾಠ ಮಾಡಿಸಿದ್ದನ್ನೆಲ್ಲ ನುಂಗಿಕೊಂಡು ಐಡಾ ಅಲ್ಲಿ ತನ್ನ ಹೆಸರನ್ನೂ ಹೇಳಲಿಲ್ಲ. ವಾರದೊಳಗೆ ಕಾಗದ ಬಂತು. ಅದರಲ್ಲೂ ಅದೇ ಪದ, ‘ರಿಜೆಕ್ಟೆಡ್’. ಐಡಾ ಅಕ್ಷರ ಕೂಡಿಸಿ ಓದಿ, ಅರ್ಥವೇನೆಂದು ಕೇಳಿದಳು. “ಬೇಡ ಅಂತ,” ಎಂದ ಎಲಿಯಾಸ್, ಮುಖವೆತ್ತದೆ. ಅವಳು ಒಳಗೆ ಹೋದಳು.

ಶಾಲೆ ಸಿಗದಿದ್ದರೆ ತಾಯಿ, ಮಗಳು ಉಡುಪಿಗೆ ವಾಪಸು. ಎಲಿಯಾಸ್ ಮತ್ತೆ ಐದು ಗಂಡಸರ ಕೋಣೆಗೆ. ಬೇರೆಲ್ಲ ಕಡೆ ಸೀಟು ಭರ್ತಿಯಾಗಿತ್ತು. ಉಳಿದದ್ದು ಅಮೇರಾತ್ ಒಂದೇ.

ಸ್ಟೋರಿನಲ್ಲಿ ತಪಾಸಣೆ ಹಾಳೆಯಿಲ್ಲದೆ ಯಾವ ಫೈಲೂ ಕದಲುವುದಿಲ್ಲ. ಎಂಟು ವರ್ಷ ಅಲ್ಲೇ ಪಳಗಿದ ಕೈ. ಐಡಾಳ ಅರ್ಜಿಯ ಮೇಲೂ ಅಮೇರಾತ್ ಶಾಲೆಯ ಆ ಕೆಂಪು ಸೀಲಿನ ಹಾಳೆಯನ್ನು ಒಪ್ಪವಾಗಿ ಪಿನ್ನು ಹೊಡೆದು ಕೊಟ್ಟುಬಂದಿತ್ತು. ಇದು ಅವನಿಗೆ ಗೊತ್ತಾದದ್ದು ಇಂಟರ್‌ವ್ಯೂ ದಿನ, ಹೆಡ್‌ಮಿಸ್ಟ್ರೆಸ್ ಝುಬೈದಾ ಫೈಲು ಬಿಚ್ಚಿದಾಗ. ಉಳ್ಳಾಲದ ಹೆಂಗಸು, ಗಟ್ಟಿ ದನಿ.

“ಮೂವತ್ತೆಂಟಾ? ನಮ್ಮ ಊರಲ್ಲಿ ಮೂವತ್ತೈದಕ್ಕೆ ಪಾಸಲ್ವಾ ಮಾರಾಯ್ರೆ?”

“ಸ್ಟೋರಲ್ಲಿ ಐವತ್ತು ಆಗ್ಬೇಕು ಮೇಡಂ,” ಎಂದುಬಿಟ್ಟ ಎಲಿಯಾಸ್. ತನ್ನ ಬಾಯಿಗೇ ಕೆಂಪು ಸೀಲು ಗುದ್ದಿಕೊಳ್ಳಬೇಕೆನಿಸಿತು. ಪಕ್ಕದಲ್ಲಿ ರೋಸಲಿಂಡ್ ಕಣ್ಣು ಮುಚ್ಚಿ ಮಾತೆ ಮರಿಯಳನ್ನು ಕರೆಯುತ್ತಿದ್ದಳು.

ಐಡಾ ಮೇಜಿನ ಮೇಲೆ ಬಾಗಿ ಸೀಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು.

“ಪಪ್ಪಾ, ದಿಸ್ ಸ್ಕೂಲ್ ಆಲ್ಸೋ ರಿಜೆಕ್ಟೆಡ್? ಲೈಕ್ ಮಿ?”

ಐಡಾ ಝುಬೈದಾರ ಕಡೆ ತಿರುಗಿ ಅವರ ಕೈ ಮುಟ್ಟಿದಳು. “ಡೋಂಟ್ ಕ್ರೈ, ಟೀಚರ್. ಐ ವಿಲ್ ಕಮ್.”

ಝುಬೈದಾ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಲೇ ಇದ್ದರು. “ಖಲಾಸ್, ಇಂಟರ್‌ವ್ಯೂ ಮುಗೀತು. ಶುಕ್ರವಾರದ ರಜೆ ಕಳೆದು ಶನಿವಾರದಿಂದ ಮಗುವನ್ನು ಕಳಿಸಿ. ಚಿಲಕದ ವಿಷಯ ನೀವು ಬರೆದದ್ದು ಸರಿಯೇ ಉಂಟು. ಬರುವಾಗ ಒಂದು ಸ್ಕ್ರೂಡ್ರೈವರ್ ತಕೊಂಡು ಬನ್ನಿ.”

ರೋಸಲಿಂಡ್ ನಕ್ಕಳು. ಎಲಿಯಾಸ್‌ಗೆ ನಗು ಬರಲಿಲ್ಲ. ದೊಡ್ಡ ಶಾಲೆಯ ಕಾಗದ ಬಂದ ದಿನ ಮಗಳು ಒಳಗೆ ಹೋಗಿ ಅತ್ತಿದ್ದಳೆಂಬುದು ಅವನಿಗೆ ಹೊಳೆದದ್ದೇ ಈಗ.