ಮಸೆಯದ ಕತ್ತಿ

ಅಣ್ಣನ ಕೈ ನಡುಗುತ್ತಿದೆ ಎಂಬುದು ತಮ್ಮನಿಗೆ ಮೊದಲು ಕಂಡದ್ದು ಕನ್ನಡಿಯಲ್ಲಿ. ಆ ಕ್ಷೌರದಂಗಡಿಯಲ್ಲಿ ಇದ್ದದ್ದೇ ಎರಡು ಕುರ್ಚಿ. ಕಿಟಕಿ ಪಕ್ಕದ್ದು ಅಣ್ಣನದು, ಅಲ್ಲಿ ಗಡ್ಡ. ಒಳಗಿನದು ತಮ್ಮನದು, ಅಲ್ಲಿ ತಲೆಗೂದಲು. ಬೆಳಿಗ್ಗೆ ಬಾಗಿಲು ತೆಗೆದು ನೆಲ ಗುಡಿಸುವುದು, ಅಣ್ಣನ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆದಿಡುವುದು ತಮ್ಮನ ಪಾಲಿನ ಕೆಲಸ. ಮೀಸೆ ನರೆತರೂ ಆ ಕೆಲಸ ಅವನ ಕೈ ಬಿಟ್ಟಿರಲಿಲ್ಲ.

ಹೇಳಬೇಕು ಎಂದುಕೊಂಡ. ಆದರೆ ಕತ್ತರಿ ಹಿಡಿಯಲು ಕಲಿಸಿದವನಿಗೇ ಕತ್ತಿ ಕೆಳಗಿಡು ಎನ್ನಲು ನಾಲಿಗೆ ಏಳಬೇಕಲ್ಲ. ಗಿರಾಕಿ ಇದ್ದಾಗ ಬೇಡ, ಮಾನ ಹೋಗುತ್ತದೆ. ಊಟದ ಹೊತ್ತಿಗೆ ಬೇಡ, ತುತ್ತು ಇಳಿಯುವುದಿಲ್ಲ. ಅಣ್ಣ ಖುಷಿಯಾಗಿದ್ದ ದಿನ ಖುಷಿ ಕೆಡಿಸಲು ಮನಸ್ಸಾಗಲಿಲ್ಲ, ಸಿಡುಕುತ್ತಿದ್ದ ದಿನ ಧೈರ್ಯ ಸಾಲಲಿಲ್ಲ. ಒಳ್ಳೆಯ ಗಳಿಗೆ ಹುಡುಕುವುದರಲ್ಲೇ ಬೇಸಿಗೆ ಕಳೆಯಿತು. ಅತ್ತಿಗೆ ಒಮ್ಮೆ ತಾನಾಗಿಯೇ ಕೇಳಿದಳು, “ಅಂಗಡೀಲಿ ಎಲ್ಲ ಸರಿಯಾಗಿದೆಯಾ? ಇವರು ಲೋಟ ಹಿಡಿದ್ರೆ ಅರ್ಧ ನೀರು ನೆಲಕ್ಕೇ ಹೋಗುತ್ತೆ.”

“ಎಲ್ಲ ಸರಿಯಾಗಿದೆ ಅತ್ತಿಗೆ,” ಎಂದುಬಿಟ್ಟ ಮಹಾನುಭಾವ.

ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಉಪಾಯವೇನು ಬಂತು, ಶುದ್ಧ ಹೇಡಿತನ. ಅಣ್ಣನ ಕತ್ತಿಯನ್ನು ಮಸೆಯುವುದನ್ನೇ ಬಿಟ್ಟ. ಪಟ್ಟಿಯ ಮೇಲೆ ಸುಮ್ಮನೆ ಸವರಿ, ಸದ್ದು ಮಾಡಿ ಇಟ್ಟುಬಿಡುತ್ತಿದ್ದ. ಕತ್ತಿ ಎಳೆಯುತ್ತದೆ, ಗಿರಾಕಿಗಳು ಗೊಣಗುತ್ತಾರೆ, ಅಣ್ಣನೇ ಸಾಕಪ್ಪ ಎನ್ನುತ್ತಾನೆ, ತಾನು ಬಾಯಿ ಬಿಡುವ ಗೋಜೇ ಇರುವುದಿಲ್ಲ. ಮೊಂಡು ಕತ್ತಿಯನ್ನು ಒತ್ತಬೇಕಾಗುತ್ತದೆ, ಒತ್ತಿದಾಗಲೇ ಗಾಯವಾಗುವುದು ಎಂಬುದು ಆ ಅಂಗಡಿಯಲ್ಲಿ ಅವನು ಕಲಿತ ಮೊದಲ ಪಾಠ. ಗೊತ್ತಿದ್ದೂ ಮಾಡಿದ.

ಒಂದು ದಿನ ಅಣ್ಣನ ಹಳೆಯ ಗೆಳೆಯರಾದ ಮೇಷ್ಟ್ರು ಬಂದು ಕೂತರು. ಅರ್ಧ ಮುಖ ಮುಗಿದಿತ್ತು. ದವಡೆಯ ಕೆಳಗೆ ಕತ್ತಿ ತಡೆಯಿತು. ಅಣ್ಣ ಒತ್ತಿದ, ಕೈ ನಡುಗಿತು. ಬಿಳಿ ನೊರೆಯೊಳಗಿಂದ ಕೆಂಪಗೆ ಇಳಿಯಿತು.

“ನಾನೇ ಅಲ್ಲಾಡಿದೆ, ಬಿಡು,” ಎಂದರು ಮೇಷ್ಟ್ರು.

ಅಣ್ಣ ಪಟಿಕದ ಕಲ್ಲು ಒತ್ತಿ ರಕ್ತ ನಿಲ್ಲಿಸಿದ. ಆಮೇಲೆ ಕತ್ತಿಯ ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದ. ಮತ್ತೊಮ್ಮೆ ನೋಡಿದ.

“ಯಾವಾಗಿಂದ ಮಸೆದಿಲ್ಲ ಇದನ್ನ?”

ತಮ್ಮನ ಕಣ್ಣು ಚರ್ಮದ ಪಟ್ಟಿಯ ಕಡೆ ಹೋಯಿತು.

“ಕೈ ನಡುಗೋದು ನನಗೆ ಗೊತ್ತಿಲ್ವೇನೋ? ಬೆಳಗಾದ್ರೆ ಭಯ ನನಗೆ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ನಾನಾಗೇ ಬಿಟ್ರೆ ಭಾರ ಎಲ್ಲ ನಿನ್ನ ಮೇಲೆ ಹಾಕಿ ಕೂತ ಹಾಗಾಗುತ್ತಲ್ಲ ಅಂತ ಸುಮ್ಮನಿದ್ದೆ. ಕೈ ಕೈಕೊಟ್ರೂ ಕತ್ತಿ ಕೈಕೊಡಲ್ಲ, ನನ್ನ ತಮ್ಮ ಮಸೆದಿರ್ತಾನೆ ಅನ್ನೋ ಧೈರ್ಯದ ಮೇಲೆ ಜನರ ಕುತ್ತಿಗೆ ಮುಟ್ತಿದ್ದೆ ಕಣೋ.”

ನಾಚಿಕೆಯಿಂದ ತಮ್ಮನ ಕಿವಿ ಸುಟ್ಟಂತಾಯಿತು. ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಆ ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ.

“ತಪ್ಪಾಯ್ತಣ್ಣ.”

ಅಣ್ಣ ಕತ್ತಿಯನ್ನು ಅವನ ಕೈಗಿಟ್ಟ. “ಮಸೆದುಕೋ. ಮೇಷ್ಟ್ರದ್ದು ಇನ್ನರ್ಧ ಮುಗಿಸು.”

ಈ ಸಲ ನಿಜವಾಗಿ ಮಸೆದ. ಕುತ್ತಿಗೆ ಎತ್ತಿಕೊಡುವ ಮುಂಚೆ ಮೇಷ್ಟ್ರು ಮೆಲ್ಲಗೆ ಕೇಳಿದರು, “ಸರಿಯಾಗಿ ಮಸೆದಿದ್ದೀಯೇನಪ್ಪ?” ಅವನು ಅಂಚಿಗೆ ತನ್ನ ಹೆಬ್ಬೆರಳು ತಾಗಿಸಿ ತೋರಿಸಿದ.

ಹಿಂದೆ ಏನೋ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಅಣ್ಣ ಮೂಲೆಯಲ್ಲಿದ್ದ ಉದ್ದ ಹಿಡಿಯ ಪೊರಕೆ ಎತ್ತಿಕೊಂಡಿದ್ದ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದದ್ದರಿಂದ ನಡುಕ ಕಾಣುತ್ತಿರಲಿಲ್ಲ.

“ಎಲ್ಲಿಂದ ಗುಡಿಸ್ಲಿ?” ಎಂದ, ಹೊಸದಾಗಿ ಕೆಲಸಕ್ಕೆ ಸೇರಿದವನು ಯಜಮಾನನನ್ನು ಕೇಳುವ ಹಾಗೆ.